ಮೀಟರಣ್ಣ ಕಾಲಿಗೆ ಬುದ್ಧಿ ಹೇಳಿದ್ದು

ಎಲ್ಲ ಶುರುವಾದದ್ದು ಹಲ್ಲುಜ್ಜುವುದರಿಂದ. ಹಲ್ಲುಜ್ಜುವುದು ತಪ್ಪಲ್ಲ. ಆದರೆ ಮೀಟರಣ್ಣ ಅದನ್ನು ಒಂಟಿಕಾಲಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು, ಎಡಗೈಯನ್ನು ಹಕ್ಕಿಯ ರೆಕ್ಕೆಯಂತೆ ಚಾಚಿಕೊಂಡು, ಅದೂ ಪರದೆ ಸರಿಸಿದ ಕಿಟಕಿಯ ಮುಂದೆ ಮಾಡುತ್ತಿದ್ದ.

ಮೀಟರಣ್ಣ ಅಂದರೆ ವಿದ್ಯುತ್ ಕಚೇರಿಯ ಮೀಟರ್ ರೀಡರ್. ಮನೆಮನೆಗೆ ಹೋಗಿ ಗೋಡೆಯ ಮೇಲಿನ ಮೀಟರಿನ ಅಂಕಿ ಬರೆದುಕೊಂಡು ಬರುವ ಕೆಲಸ. ಈ ಕೆಲಸದ ತೊಂದರೆ ಏನೆಂದರೆ, ಮೀಟರುಗಳೆಲ್ಲ ಎತ್ತರದಲ್ಲಿರುತ್ತವೆ, ಮೆಟ್ಟಿಲುಗಳೆಲ್ಲ ಕೆಳಗಿರುತ್ತವೆ. ಕಣ್ಣು ಮೇಲೆ ನೆಟ್ಟವನಿಗೆ ಕಾಲ ಕೆಳಗೆ ಏನಿದೆ ಎಂಬುದು ಬಿದ್ದ ಮೇಲೆಯೇ ಗೊತ್ತಾಗುವುದು. ಎರಡು ವರ್ಷದಲ್ಲಿ ಅವನ ಬಲಗಾಲು ಮೂರು ಸಲ ಉಳುಕಿತ್ತು. ಮೂರನೆಯ ಸಲ, ಅಂದರೆ ಆರು ವಾರದ ಹಿಂದೆ, ಒಂದು ಮನೆಯ ಮೀಟರಿನ ಕೊನೆಯ ಅಂಕಿ ಮೂರೋ ಎಂಟೋ ಎಂದು ಸರಿಯಾಗಿ ನೋಡಲು ಒಂದು ಹೆಜ್ಜೆ ಹಿಂದೆ ಸರಿದ. ಹಿಂದೆ ಮೆಟ್ಟಿಲಿರಲಿಲ್ಲ. ಪಾದ ಒದ್ದೆ ರಟ್ಟಿನ ಹಾಗೆ ಒಳಕ್ಕೆ ಮಡಚಿಕೊಂಡಿತು. ಸಂಜೆಯೊಳಗೆ ಕೀಲು ಎಲ್ಲಿ ಮುಗಿಯಿತು, ಮೀನಖಂಡ ಎಲ್ಲಿ ಶುರುವಾಯಿತು ಎಂದು ಗುರುತು ಹಿಡಿಯಲಾಗದಷ್ಟು ಊದಿತು.

ಫಿಸಿಯೋ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಮಾತಿನಲ್ಲಿ ಕರಾರುವಾಕ್ಕು. ಮೂಳೆಗೇನೂ ಆಗಿಲ್ಲ ಎಂದರು. ಒಂದು ಸಲ ಉಳುಕಿದ ಕೀಲು ತಾನೆಲ್ಲಿ ನಿಂತಿದ್ದೇನೆ ಎನ್ನುವುದನ್ನೇ ಮರೆತುಬಿಡುತ್ತದಂತೆ, ಅದಕ್ಕೇ ಮತ್ತೆ ಮತ್ತೆ ಉಳುಕುತ್ತದಂತೆ. ಮಗುವಿಗೆ ಕಲಿಸಿದ ಹಾಗೆ ಅದಕ್ಕೆ ಮೊದಲಿನಿಂದ ಕಲಿಸಬೇಕು. ಬಲಗಾಲೊಂದರ ಮೇಲೇ ನಿಲ್ಲುವುದು, ಮೊದಲು ಕಣ್ಣು ಬಿಟ್ಟುಕೊಂಡು, ಆಮೇಲೆ ಮುಚ್ಚಿಕೊಂಡು. ಮೆಟ್ಟಿಲಿನ ಅಂಚಿಗೆ ಮುಂಗಾಲಿಟ್ಟು, ಹಿಮ್ಮಡಿ ಗಾಳಿಯಲ್ಲಿ ಬಿಟ್ಟು, ಇಪ್ಪತ್ತು ಸಲ ಏರಿ ಇಳಿಯುವುದು. ಏರುವಾಗ ಬೇಗ ಏರಿದರೂ ಪರವಾಗಿಲ್ಲ, ಇಳಿಯುವಾಗ ಮಾತ್ರ ನಿಧಾನ. ಇನ್ನು ಕುರ್ಚಿಯ ಮೇಲೆ ಸುಮ್ಮನೆ ಕೂತಿರುವಾಗಲೂ ಬಿಡುವಿಲ್ಲ. ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರಮಾಲೆ ಬರೆಯಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಕೀಲಿಗೆ ಬಹಳ ಒಳ್ಳೆಯದು ಎಂದು ಡಾಕ್ಟರಮ್ಮ ಸೇರಿಸಿದರು.

ಮೀಟರಣ್ಣ ಒಂದು ದಿನವೂ ತಪ್ಪಿಸಲಿಲ್ಲ. ಯಾಕೆಂದರೆ ಈ ದಿನ ಮಧ್ಯಾಹ್ನ ಮೂರು ಗಂಟೆಗೆ ಕಚೇರಿಯ ಡಾಕ್ಟರು ಅವನ ಕಾಲನ್ನು ಪರೀಕ್ಷೆ ಮಾಡುವವರಿದ್ದರು. ಪಾಸಾದರೆ ಅವನ ಹಳೆಯ ನದಿ ದಂಡೆಯ ಬೀದಿಗಳು ಅವನಿಗೆ ವಾಪಸು. ಹದಿನಾಲ್ಕು ವರ್ಷ ಓಡಾಡಿದ ಬೀದಿಗಳು. ಸಮತಟ್ಟು, ನೆರಳು, ಗುರುತಿನ ನಾಯಿಗಳು, ಮೂಲೆಯ ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಅವನಿಗೆಂದೇ ಒಂದು ಕುರ್ಚಿ. ಫೇಲಾದರೆ ಇನ್ನು ಜೀವಮಾನವಿಡೀ ದೂರು ಕೌಂಟರ್. ಆರು ವಾರದಿಂದ ತಾತ್ಕಾಲಿಕವಾಗಿ ಅಲ್ಲೇ ಕೂತಿದ್ದ. ಬಿಲ್ಲು ಹಿಡಿದುಕೊಂಡು ಬಂದವರು ಬಿಲ್ಲಿನಿಂದ ಶುರುಮಾಡಿ ಅವನ ತಾತ ಮುತ್ತಾತಂದಿರವರೆಗೆ ಹೋಗುತ್ತಿದ್ದರು. ತನ್ನ ವಂಶದ ಬಗ್ಗೆ ತನಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಈ ಆರು ವಾರದಲ್ಲಿ ಅವನಿಗೆ ತಿಳಿದಿದ್ದವು.

ಇತ್ತ ಎದುರು ಮನೆಯ ಕಿಟಕಿಯಲ್ಲಿ ಟೀಚರಮ್ಮ ಇದ್ದರು. ಮೂವತ್ತೊಂದು ವರ್ಷ ಶಾಲೆ ನಡೆಸಿ ನಿವೃತ್ತರಾದ ಹೆಡ್‌ಮಿಸ್. ನಿವೃತ್ತಿ ಶಾಲೆಗೆ ಸಿಕ್ಕಿತ್ತೇ ಹೊರತು ಅವರಿಗಲ್ಲ. ಒಂದು ವಾರದಿಂದ ಅವರು ಎದುರಿನ ಕಿಟಕಿಯಲ್ಲಿ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತ ಗಂಡಸನ್ನು ನೋಡುತ್ತಿದ್ದರು. ಅವರ ಅನುಭವದಲ್ಲಿ ಮನುಷ್ಯ ಹಾಗೆ ನಿಲ್ಲುವುದಕ್ಕೆ ಒಂದೇ ಒಂದು ಕಾರಣವಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಎಂಟೂವರೆಗೆ ಬಾಗಿಲು ಬಡಿದರು. ಮೀಟರಣ್ಣನ ಹೆಂಡತಿ ಬಾಗಿಲು ತೆಗೆದಳು. ಟೀಚರಮ್ಮ ಒಳಗೆ ಬಂದು ಕೂತು, ಬಹಳ ಮೃದುವಾಗಿ, ಸಂಸಾರ ಅಂದಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ ಎಂದು ಪೀಠಿಕೆ ಹಾಕಿದರು. ಹೆಂಡತಿ ಹೌದು ಅಂದಳು. ಕೋಪ ಎಲ್ಲರಿಗೂ ಬರುತ್ತದೆ ಎಂದರು. ಅದಕ್ಕೂ ಹೌದು ಅಂದಳು.

"ನೋಡಮ್ಮ, ಮೂವತ್ತೊಂದು ವರ್ಷ ನಾನೂ ಮಕ್ಕಳನ್ನ ಒಂಟಿಕಾಲಲ್ಲಿ ನಿಲ್ಲಿಸಿದವಳೇ," ಎಂದರು ಟೀಚರಮ್ಮ. "ಆದ್ರೆ ಐದು ನಿಮಿಷಕ್ಕೆ ಮೇಲೆ ಯಾರನ್ನೂ ನಿಲ್ಲಿಸಿಲ್ಲ. ನೀನು ಕಟ್ಕೊಂಡ ಗಂಡನ್ನ ವಾರಗಟ್ಟಲೆ ನಿಲ್ಲಿಸ್ತಿದ್ದೀಯಲ್ಲ, ಅಂಥ ತಪ್ಪು ಏನು ಮಾಡಿದ ಪಾಪ?"

ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಮುಖ ಕೆಂಪಾಯಿತು. ಅಷ್ಟರಲ್ಲಿ ಮಾತು ಕೇಳಿ ಮೀಟರಣ್ಣ ಬಾಯ್ತುಂಬ ನೊರೆ ಇಟ್ಟುಕೊಂಡೇ ಓಡಿಬಂದು, ಹಾಗೇನಿಲ್ಲ, ಇದು ಕೀಲಿನ ವ್ಯಾಯಾಮ ಎಂದು ಹೇಳಲು ಹೋದ. ಹೊರಬಂದದ್ದು ಗೊಳಗೊಳ ಸದ್ದು. ಅಳುತ್ತಿದ್ದಾನೆ ಎಂದುಕೊಂಡ ಟೀಚರಮ್ಮ ಅವನ ಬೆನ್ನು ಸವರಿ, ಮೂರನೆ ಮಹಡಿಯವರಿಗೂ ಹೇಳಿದ್ದೇನೆ, ನೀನು ಒಂಟಿಯಲ್ಲ ಎಂದು ಧೈರ್ಯ ತುಂಬಿ ಹೊರಟುಹೋದರು.

ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಮೀಟರಣ್ಣನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ರೀ," ಎಂದಳು, "ಕಟ್ಟಡಕ್ಕೆಲ್ಲ ನಾನು ಘಟವಾಣಿ ಆಗೋದು ಬೇಡ. ಇನ್ನುಳಿದದ್ದನ್ನ ಹೊರಗೆ, ನಾಲ್ಕು ಜನರ ಎದುರಿಗೇ ಮಾಡ್ಕೊಳ್ಳಿ. ನಾನು ಶಿಕ್ಷೆ ಕೊಡ್ತಿಲ್ಲ ಅನ್ನೋದು ಅವರಿಗೂ ಕಾಣಲಿ."

ಮೀಟರಣ್ಣ ಮುಖ ತೊಳೆದು ಮೆಟ್ಟಿಲಿಗೆ ಬಂದ. ಕೆಳ ಮಹಡಿಯ ತಿರುವಿನಲ್ಲಿ ಹಿಡಿದುಕೊಳ್ಳಲು ಗಟ್ಟಿ ಕಂಬಿ ಇರುವ ಒಂದು ಮೆಟ್ಟಿಲಿತ್ತು. ಗೋಡೆಗೆ ಮುಖ ಮಾಡಿ, ಕಂಬಿ ಹಿಡಿದು, ಹಿಮ್ಮಡಿ ಎತ್ತಲು ಶುರುಮಾಡಿದ. ಆ ಗೋಡೆಯಲ್ಲಿ ಸರಿಯಾಗಿ ನೆತ್ತಿಯ ಮಟ್ಟಕ್ಕೆ ಒಂದು ಸಣ್ಣ ಕಿಟಕಿ ಇರುವುದನ್ನು ಅವನು ಗಮನಿಸಲಿಲ್ಲ. ಅದರಾಚೆ ಇದ್ದದ್ದು ಟೈಲರ್ ಅಂಗಡಿ. ಟೈಲರ್ ಹೊಲಿಯುತ್ತಿದ್ದದ್ದು ಹೆಂಗಸರ ಬಟ್ಟೆ. ಆ ಹೊತ್ತಿಗೆ ಒಳಗೆ ಮೂವರು ಹೆಂಗಸರು ಅಳತೆ ಕೊಡಲು ನಿಂತಿದ್ದರು.

ಒಳಗಿನವರಿಗೆ ಕಂಡದ್ದು ಇಷ್ಟು. ಕಿಟಕಿಯಲ್ಲಿ ಮೊದಲು ಕೂದಲು ಬಂತು. ಆಮೇಲೆ ಹಣೆ, ಆಮೇಲೆ ಎರಡು ಕಣ್ಣು. ಕಣ್ಣು ಅಲ್ಲೇ ಒಂದು ಕ್ಷಣ ನಿಂತು, ಬಿಟ್ಟುಹೋಗಲು ಮನಸ್ಸಿಲ್ಲದ ಹಾಗೆ ನಿಧಾನವಾಗಿ, ಬಹಳ ನಿಧಾನವಾಗಿ ಕೆಳಗಿಳಿಯಿತು. ಮತ್ತೆ ಬಂತು. ಎಣಿಸುತ್ತಿದ್ದದ್ದರಿಂದ ತುಟಿ ಅಲ್ಲಾಡುತ್ತಿತ್ತು, ಮೀನಖಂಡ ನೋಯುತ್ತಿದ್ದದ್ದರಿಂದ ಕಣ್ಣು ಅರ್ಧ ಮುಚ್ಚಿತ್ತು. ಹನ್ನೊಂದನೆಯ ಸಲ ಒಬ್ಬಾಕೆ ಕಿಟಾರನೆ ಕಿರುಚಿದಳು.

ಟೈಲರ್ ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ ಹಿಡಿದು ಹೊರಗೆ ಬಂದ. ಹಿಂದೆ ಮೂವರು ಹೆಂಗಸರು. ಸದ್ದು ಕೇಳಿ ಮೇಲಿನ ಮಹಡಿಗಳಿಂದ ಇನ್ನಷ್ಟು ಜನ.

"ಮೀಟರಣ್ಣ, ನೀವಾ?" ಎಂದ ಟೈಲರ್. ಸಿಟ್ಟಿಗಿಂತ ಹೆಚ್ಚಾಗಿ ದುಃಖದಲ್ಲೇ ಕೇಳಿದ. ಅದು ಮೀಟರಣ್ಣನಿಗೆ ಇನ್ನೂ ನಾಟಿತು.

ತಾನು ಹಿಮ್ಮಡಿ ಎತ್ತುತ್ತಿದ್ದೆ ಎಂದು ಮೀಟರಣ್ಣ ತೊದಲಿದ. ನೋಡಿ, ತಾನೇ ಒಪ್ಪಿಕೊಂಡ, ಹಿಮ್ಮಡಿ ಎತ್ತದೆ ಅಷ್ಟೆತ್ತರದ ಕಿಟಕಿ ಹೇಗೆ ಸಿಗುತ್ತದೆ ಎಂದಳು ಕಿರುಚಿದಾಕೆ. ಇಪ್ಪತ್ತರಲ್ಲಿ ಹನ್ನೊಂದು ಆಗಿತ್ತು, ಇನ್ನು ಒಂಬತ್ತು ಬಾಕಿ ಇತ್ತು ಎಂದು ಮೀಟರಣ್ಣ ಹೇಳಿದ್ದು ವಿಷಯವನ್ನು ಇನ್ನಷ್ಟು ಕೆಡಿಸಿತು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಟೀಚರಮ್ಮ ಬಂದರು. ಒಂಟಿಕಾಲಿನ ಶಿಕ್ಷೆ ಯಾವ ತಪ್ಪಿಗೆ ಎಂಬುದು ಆಗ ಅವರಿಗೆ ಹೊಳೆಯಿತು. ಆದರೂ ವಿಚಾರಣೆ ಇಲ್ಲದೆ ತೀರ್ಪು ಕೊಡುವ ಹೆಂಗಸಲ್ಲ ಅವರು. ಎಲ್ಲಿ, ಮಾಡಿ ತೋರಿಸು ಎಂದರು.

ಮೀಟರಣ್ಣ ಮಾಡಿ ತೋರಿಸಿದ. ಆರು ವಾರದ ಕತೆಯನ್ನೂ ಏರುತ್ತ ಇಳಿಯುತ್ತ ಹೇಳಿದ. ಯಾರೂ ನಂಬಲಿಲ್ಲ. ಕೊನೆಗೆ ಟೈಲರ್, ಇದೇನು ಮಹಾ ವ್ಯಾಯಾಮ ನೋಡಿಯೇ ಬಿಡೋಣ ಎಂದು ಕತ್ತರಿ ಕೆಳಗಿಟ್ಟು ತಾನೇ ಮೆಟ್ಟಿಲಿನ ಅಂಚಿಗೆ ನಿಂತ. ಮೊದಲ ಸಲ ಏರಿದ. ಎರಡನೆಯ ಸಲ ಮುಖ ಸೊಟ್ಟಗಾಯಿತು. ನಾಲ್ಕನೆಯ ಸಲ ಮೀನಖಂಡ ಗಂಟು ಕಟ್ಟಿ ಅಲ್ಲೇ ಕುಸಿದು ಕೂತ. ಕಾಲು ನೀವಿಕೊಳ್ಳುತ್ತ, ಉಸಿರು ಎಳೆದುಕೊಂಡು, ಇಷ್ಟು ಕಷ್ಟಪಟ್ಟು ಯಾವ ಗಂಡಸೂ ಇಣುಕುವುದಿಲ್ಲ ಎಂದು ಸಾಕ್ಷಿ ನುಡಿದ. ಕಿರುಚಿದಾಕೆಯೂ ಒಂದು ಕೈ ನೋಡಿದಳು, ಮೂರಕ್ಕೆ ಇಳಿದಳು. ಅಷ್ಟರಲ್ಲಿ ಮೂರನೆ ಮಹಡಿಯವರಿಗೂ ಹುಮ್ಮಸ್ಸು ಬಂತು. ಐದು ನಿಮಿಷದಲ್ಲಿ ಮೆಟ್ಟಿಲ ಮೇಲೆ ಒಂಬತ್ತು ಜನ ಗೋಡೆಗೆ ಮುಖ ಮಾಡಿ ಹಾರ್ಮೋನಿಯಂ ಕೀಗಳಂತೆ ಏರಿಳಿಯುತ್ತಿದ್ದರು. ಟೀಚರಮ್ಮ ಎಣಿಸುತ್ತಿದ್ದರು.

ಟೀಚರಮ್ಮನಿಗೆ ಮಾತ್ರ ಪಶ್ಚಾತ್ತಾಪ ಕಾಡಿತು. ನಿರಪರಾಧಿಯನ್ನು ಒಂದೇ ಬೆಳಿಗ್ಗೆ ಎರಡು ಸಲ ತಪ್ಪು ತಿಳಿದಿದ್ದರು. ಅವರು ಒಬ್ಬರ ಬಗ್ಗೆ ತಪ್ಪು ತಿಳಿದಾಗ ಆಗುವ ಅಪಾಯ ದೊಡ್ಡದು, ಆದರೆ ತಪ್ಪು ತಿದ್ದಿಕೊಳ್ಳಲು ಹೊರಟಾಗ ಆಗುವ ಅಪಾಯದ ಮುಂದೆ ಅದೇನೂ ಅಲ್ಲ. ಪರೀಕ್ಷೆ ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ಎಂದು ಕೇಳಿದರು. ಮೀಟರಣ್ಣ ಹೊರಡುವ ಅವಸರದಲ್ಲಿ ಹೇಳಿಬಿಟ್ಟ.

ಕಚೇರಿಗೆ ಮುಟ್ಟುವಾಗ ಒಂದು ಗಂಟೆ ತಡವಾಗಿತ್ತು. ದೂರು ಕೌಂಟರಿನ ಮುಂದಿನ ಸಾಲು ಬಾಗಿಲು ದಾಟಿ ಬೀದಿಗಿಳಿದಿತ್ತು. ಮೀಟರಣ್ಣ ಕೂತ, ಮೇಜಿನ ಕೆಳಗೆ ಬಲಗಾಲಿನ ಶೂ ಕಳಚಿದ, ಹೆಬ್ಬೆರಳಿನಲ್ಲಿ ಅಕ್ಷರಮಾಲೆ ಶುರುಮಾಡಿದ. ಈ ಆರು ವಾರದಲ್ಲಿ ಅವನಿಗೆ ಅದು ರೂಢಿಯಾಗಿತ್ತು. ಮೇಜಿನ ಮೇಲೆ ವಿನಯವೇ ಮೈವೆತ್ತ ಮುಖ, ಕೆಳಗೆ ಅ ಆ ಇ ಈ. ಮುಂದೆ ನಿಂತವರು ಎಷ್ಟು ಜೋರಾಗಿ ಬೈದರೆ ಅಷ್ಟು ಜೋರಾಗಿ ಅಕ್ಷರ ಮೂಡುತ್ತಿತ್ತು.

ಹನ್ನೆರಡರ ಹೊತ್ತಿಗೆ ಒಬ್ಬ ದಪ್ಪ ಮೀಸೆಯ ಬೇಕರಿಯವನು ಬಂದು ಮೇಜು ಗುದ್ದಿದ. ಆಗ ಹೆಬ್ಬೆರಳು 'ಳ' ಮುಗಿಸಿ 'ಕ್ಷ'ಕ್ಕೆ ಬಂದಿತ್ತು. ಆ ಅಕ್ಷರದ ಸುತ್ತು, ಒತ್ತು, ಮೇಲಿನಿಂದ ಬೇಕರಿಯವನ ಗುದ್ದು, ಎಲ್ಲ ಸೇರಿ ಕಾಲು ಒಮ್ಮೆಲೇ ಒಳಕ್ಕೆ ತಿರುಗಿ ಯಾವುದೋ ಕರೆಂಟ್ ವೈರಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದ. ಕೋಣೆಯ ಐದೂ ಕಂಪ್ಯೂಟರು ಕಪ್ಪಾದವು. ಫ್ಯಾನುಗಳು ಸುಸ್ತಾಗಿ ನಿಂತವು.

ಕರೆಂಟ್ ಹೋಯಿತು ಎಂದು ಯಾರೋ ಅಂದರು. ಸಾಲಿನಲ್ಲಿದ್ದವರು ಆರು ವಾರದಲ್ಲಿ ಮೊದಲ ಸಲ ನಕ್ಕರು. ಬೇಕರಿಯವನಂತೂ ಮೇಜಿಗೆ ಆತು ನಿಂತು ಹೊಟ್ಟೆ ಹಿಡಿದುಕೊಂಡ. ಕಚೇರಿಯವರಿಗೆ ಮಾತ್ರ ಕೈಕಾಲು ಆಡಲಿಲ್ಲ. ಊರಿನವರ ಕರೆಂಟು ಹೋದರೆ ಏನು ಹೇಳಬೇಕು ಎಂಬುದು ಎಲ್ಲರಿಗೂ ಬಾಯಿಪಾಠ; ತಮ್ಮದೇ ಹೋದರೆ ಯಾರಿಗೆ ಹೇಳಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಂಜಿನಿಯರ್ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದು, ಎಲ್ಲರನ್ನೂ ಒಮ್ಮೆ ದುರುಗುಟ್ಟಿ ನೋಡಿ, ಜೇಬಿನಿಂದ ಫೋನು ತೆಗೆದು, ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದ ದೂರಿನ ನಂಬರಿಗೆ ಫೋನು ಮಾಡಿದರು.

ಮೀಟರಣ್ಣನ ಮೇಜಿನ ಮೇಲಿನ ಫೋನು ರಿಂಗಾಯಿತು. ಕೈ ತನ್ನಷ್ಟಕ್ಕೆ ಎತ್ತಿಕೊಂಡಿತು.

"ನಮಸ್ಕಾರ, ದೂರು ವಿಭಾಗ," ಎಂದ.

"ಕರೆಂಟ್ ಹೋಗಿದೆ," ಎಂದರು ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಸಾಹೇಬರು.

"ಯಾವ ಏರಿಯಾ ಸಾರ್?"

ಇಬ್ಬರೂ ಫೋನು ಕಿವಿಯಲ್ಲಿಟ್ಟುಕೊಂಡೇ ಒಬ್ಬರನ್ನೊಬ್ಬರು ನೋಡಿದರು. ಅಷ್ಟರಲ್ಲಿ ವೈರಿನ ಜಾಡು ಹಿಡಿದು, ನರಳುತ್ತ ಮಂಡಿಯೂರಿ ಮೇಜಿನ ಕೆಳಗೆ ನುಗ್ಗಿದ್ದ ಕಚೇರಿಯ ಲೈನ್‌ಮನ್ ಅಲ್ಲಿಂದಲೇ ವರದಿ ಕೊಟ್ಟ. "ಸಾರ್, ಕರೆಂಟ್ ಎಲ್ಲೂ ಹೋಗಿಲ್ಲ. ಇವರ ಹೆಬ್ಬೆರಳು ಬಂದಿದೆ ಅಷ್ಟೆ."

ಸಾಹೇಬರು ಬಗ್ಗಿ ನೋಡಿದರು. ಇಡೀ ಕೋಣೆಗೆ ಕರೆಂಟ್ ಕೊಡುತ್ತಿದ್ದ ಪ್ಲಗ್ಗು ಕಿತ್ತುಬಂದಿತ್ತು, ಪಕ್ಕದಲ್ಲಿ ಒಂದು ಬರಿಗಾಲು. ಅವರಿಗೆ ಸಿಟ್ಟು ನೆತ್ತಿಗೇರಿತು. ಆ ಕಾಲನ್ನು ಮೂರು ಗಂಟೆಗೆ ಡಾಕ್ಟರ ಜೊತೆ ತಾವೂ ಬಂದು ನೋಡುವುದಾಗಿ ಹೇಳಿ ಒಳಗೆ ಹೋದರು.

ಮೂರು ಗಂಟೆಗೆ ಮೇಲಿನ ಕಡತದ ಕೋಣೆಯಲ್ಲಿ ಮೇಜು ಸರಿಸಿ ಜಾಗ ಮಾಡಿದ್ದರು. ಕಚೇರಿಯ ಡಾಕ್ಟರು ವಯಸ್ಸಾದ, ದಣಿದ ಮನುಷ್ಯ. ಮೂವತ್ತು ಸೆಕೆಂಡು ನಿಂತರೆ ಸಾಕು, ನನಗೂ ಮನೆಗೆ ಹೋಗುವುದಿದೆ ಎಂದರು. ಸಾಹೇಬರು ಕೈಕಟ್ಟಿಕೊಂಡು ಕಿಟಕಿಯ ಬಳಿ ನಿಂತಿದ್ದರು. ಮೀಟರಣ್ಣ ಶೂ ಕಳಚಿದ. ನದಿ ದಂಡೆಯ ಬೀದಿಗಳನ್ನು ಒಂದೊಂದಾಗಿ ನೆನಪಿಸಿಕೊಂಡ.

ಆಗ ಬಾಗಿಲು ತೆರೆಯಿತು. ಮುಂದೆ ಟೀಚರಮ್ಮ, ಹಿಂದೆ ಕುಂಟುತ್ತ ಟೈಲರ್, ಅವನ ಹಿಂದೆ ಅಳತೆಗೆ ಬಂದಿದ್ದ ಮೂವರು ಹೆಂಗಸರು. ಟೀಚರಮ್ಮನ ಕೈಯಲ್ಲಿ ಇಪ್ಪತ್ತೆರಡು ಜನ ಸಹಿ ಹಾಕಿದ ಒಂದು ಕಾಗದವಿತ್ತು. ಇಂಥ ಶ್ರದ್ಧಾವಂತನಿಗೆ ಅನ್ಯಾಯ ಆಗಕೂಡದು ಎಂದು ಬಂದಿರುವುದಾಗಿ ಅವರು ಸಾಹೇಬರಿಗೆ ತಿಳಿಸಿದರು. ಮೀಟರಣ್ಣ ದಿನಕ್ಕೆ ಇಪ್ಪತ್ತು ಸಲ ಹಿಮ್ಮಡಿ ಎತ್ತುತ್ತಿದ್ದದ್ದು ಆ ಕಾಗದದಲ್ಲಿ ನಾನೂರಾಗಿತ್ತು. ಹೊರಗಿನವರಿಗೆ ಇಲ್ಲಿ ಪ್ರವೇಶವಿಲ್ಲ ಎಂದು ಹೇಳಲು ಸಾಹೇಬರು ಬಾಯಿ ತೆರೆದರು. ಟೀಚರಮ್ಮ ಕನ್ನಡಕದ ಮೇಲಿನಿಂದ ಒಂದು ಸಲ ನೋಡಿದರು. ಸಾಹೇಬರು ಬಾಯಿ ಮುಚ್ಚಿ, ಯಾಕೋ ಗೊತ್ತಿಲ್ಲದೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಮೀಟರಣ್ಣ ಬಲಗಾಲ ಮೇಲೆ ನಿಂತು ಕಣ್ಣು ಮುಚ್ಚಿದ. ಡಾಕ್ಟರು ಗಡಿಯಾರ ನೋಡಿದರು. ಮೂವತ್ತು ಸೆಕೆಂಡಾಯಿತು, ಸಾಕು ಅಂದರು.

"ಕಣ್ಣು ತೆಗೀಬೇಡ," ಎಂದರು ಟೀಚರಮ್ಮ. "ನಾನು ಹೇಳೋವರೆಗೂ."

ಮೀಟರಣ್ಣ ನಿಂತೇ ಇದ್ದ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಕತ್ತಲೆಯಲ್ಲಿ ಅವನಿಗೆ ತನ್ನ ಕೀಲು ಮಾಡುತ್ತಿದ್ದ ಕೆಲಸ ಮೊದಲ ಸಲ ಗೊತ್ತಾಯಿತು. ಮೈ ಕೂದಲೆಳೆಯಷ್ಟು ಬಲಕ್ಕೆ ವಾಲಿದರೆ ಅದು ಎಡಕ್ಕೆ ಎಳೆಯುತ್ತಿತ್ತು, ಎಡಕ್ಕೆ ವಾಲಿದರೆ ಬಲಕ್ಕೆ. ಏಣಿಯ ಬುಡವನ್ನು ಯಾರೋ ನಂಬಿಕಸ್ಥರು ಹಿಡಿದುಕೊಂಡ ಹಾಗೆ. ಎರಡು ವರ್ಷ ತನ್ನನ್ನು ಬೀಳಿಸುತ್ತಲೇ ಬಂದ ಕಾಲು ಈಗ ತನ್ನನ್ನು ಹೊತ್ತು ನಿಂತಿದೆ ಎನಿಸಿತು. ಟೀಚರಮ್ಮ ಕಣ್ಣು ತೆಗೆಯಲು ಹೇಳಿದಾಗ ನಾಲ್ಕೂವರೆ ನಿಮಿಷವಾಗಿತ್ತು.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ಡಾಕ್ಟರು ಇಪ್ಪತ್ತು ಸಲ ಹಿಮ್ಮಡಿ ಎತ್ತು ಎಂದರೆ ಅರವತ್ತು ಸಲ ಎತ್ತಿದ. ಹಿಮ್ಮಡಿಯ ಮೇಲೆ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದ. ಕೇಳದಿದ್ದರೂ ಒಂಟಿಕಾಲಲ್ಲಿ ಕುಪ್ಪಳಿಸಿ ವಾಪಸು ಬಂದ. ಹೆಂಗಸರು ಚಪ್ಪಾಳೆ ತಟ್ಟಿದರು. ಟೈಲರ್ ಕಣ್ಣೊರೆಸಿಕೊಂಡ. ಡಾಕ್ಟರು ಕೂತು, ಪಾದ ಹಿಡಿದು, ಒತ್ತಿ, ತಿರುಗಿಸಿ ನೋಡಿ, ಈ ಕಚೇರಿಯಲ್ಲಿ ಇಂಥ ಕಾಲು ತಾವು ನೋಡಿಲ್ಲ ಎಂದರು. ಇಷ್ಟು ವರ್ಷದಲ್ಲಿ ಯಾರಿಗೂ 'ಸಾಧಾರಣ'ಕ್ಕಿಂತ ಮೇಲೆ ಬರೆಯದ ಕೈ ಅಂದು 'ಅತ್ಯುತ್ತಮ' ಎಂದು ಬರೆಯಿತು.

ಸಾಹೇಬರ ಸಿಟ್ಟು ಎಲ್ಲಿ ಹೋಯಿತೋ. ಅವರು ಆ ಬರಿಗಾಲನ್ನೇ ನೋಡುತ್ತಿದ್ದರು, ವರ್ಷಗಟ್ಟಲೆ ಹುಡುಕುತ್ತಿದ್ದ ಕಡತ ಒಮ್ಮೆಲೇ ಮೇಜಿನ ಮೇಲೆ ಬಂದು ಬಿದ್ದಂತೆ. ಲೈನ್‌ಮನ್‌ನನ್ನು ಕರೆದು ಕೆಳಗಿನಿಂದ ಊರಿನ ನಕ್ಷೆ ತರಿಸಿದರು. ನದಿಯಿಂದ ಬೆರಳು ಎತ್ತಿ, ನಕ್ಷೆಯ ಇನ್ನೊಂದು ತುದಿಗೆ ಒಯ್ದು ಇಟ್ಟರು.

ಅದು ಗುಡ್ಡದ ಬಡಾವಣೆ. ರಸ್ತೆ ಇಲ್ಲ, ಬರೀ ಕಲ್ಲಿನ ಮೆಟ್ಟಿಲು. ಮೇಲಿನ ಮನೆಗೆ ಆರುನೂರ ಹನ್ನೆರಡು. ಅಲ್ಲಿಗೆ ಹಾಕಿದ ಮೂವರು ರೀಡರುಗಳಲ್ಲಿ ಇಬ್ಬರು ವರ್ಗ ಮಾಡಿಸಿಕೊಂಡಿದ್ದರು, ಒಬ್ಬ ಕೆಲಸವನ್ನೇ ಬಿಟ್ಟಿದ್ದ. ಎಂಟು ತಿಂಗಳಿಂದ ಆ ಗುಡ್ಡದ ಮೀಟರುಗಳನ್ನು ಮನುಷ್ಯರು ನೋಡಿರಲಿಲ್ಲ.

"ಎಂಟು ತಿಂಗಳಿಂದ ಇಂಥ ಒಂದು ಕಾಲಿಗೇ ಕಾಯ್ತಿದ್ದೆ ಕಣ್ರೀ," ಎಂದರು ಸಾಹೇಬರು ಪ್ರೀತಿಯಿಂದ. "ನಾಳೆಯಿಂದ ಗುಡ್ಡ ನಿಮ್ಮದು."

ಮೀಟರಣ್ಣ ತನ್ನ ನದಿ ದಂಡೆ ಎಂದು ಏನೋ ಗೊಣಗಿದ. ಇಂಥ ಕಾಲನ್ನು ಸಮತಟ್ಟು ಬೀದಿಯಲ್ಲಿ ಸವೆಸುವುದು ಅನ್ಯಾಯ ಎಂದರು ಸಾಹೇಬರು. ನದಿ ದಂಡೆಗೆ ಲೈನ್‌ಮನ್‌ನನ್ನು ಹಾಕಿದರಾಯಿತು. ಮಂಡಿನೋವು, ಅವನಿಂದ ಈಗ ಕಂಬ ಹತ್ತಲಾಗುವುದಿಲ್ಲ. ಲೈನ್‌ಮನ್ ಕೈ ಮುಗಿದ. ಟೀಚರಮ್ಮ ಹೆಮ್ಮೆಯಿಂದ ತಲೆಯಾಡಿಸಿ, ಬೇಕಾದರೆ ಈತ ದಿನಕ್ಕೆ ಎರಡು ಸಲ ಹತ್ತುತ್ತಾನೆ ಎಂದು ಭರವಸೆ ಕೊಟ್ಟರು. ಸಾಹೇಬರು ಅದನ್ನೂ ಬರೆದುಕೊಂಡರು.

ಆರುನೂರ ಹನ್ನೆರಡು, ದಿನಕ್ಕೆ ಎರಡು ಸಲ. ಮೀಟರಣ್ಣನ ತಲೆಯಲ್ಲಿ ಲೆಕ್ಕ ಗಿರ್ರೆಂದಿತು. ಉಳಿದದ್ದು ಒಂದೇ ದಾರಿ. ಶೂ ಹಾಕಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳಿ, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವನು, ಮೂರನೆಯ ಹೆಜ್ಜೆಗೆ ಅಯ್ಯೋ ಎಂದು ನರಳಿ ಕುಸಿದ. ಎರಡೂ ಕೈಯಲ್ಲಿ ಪಾದದ ಕೀಲು ಹಿಡಿದುಕೊಂಡು ಮುಖ ಹಿಂಡಿದ. ಬಾಗಿಲ ಚೌಕಟ್ಟು ಹಿಡಿದು ಮೇಲೆದ್ದು ಒಂದು ಹೆಜ್ಜೆ ಕುಂಟಿ ತೋರಿಸಿದ. ಹಳೆಯ ನೋವು, ಹೀಗೇ ಇದ್ದಕ್ಕಿದ್ದ ಹಾಗೆ ಬರುತ್ತದೆ, ಮೆಟ್ಟಿಲು ಹತ್ತುವುದಂತೂ ಸಾಧ್ಯವೇ ಇಲ್ಲ ಎಂದು ಹಲ್ಲು ಕಚ್ಚಿ ಹೇಳಿದ.

ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಸಾಹೇಬರು ಪೆನ್ನು ಕೆಳಗಿಟ್ಟು ನಕ್ಷೆ ಮಡಚಲು ಕೈ ಹಾಕಿದರು. ಮೀಟರಣ್ಣನಿಗೆ ನದಿ ದಂಡೆಯ ನೆರಳು ಕಣ್ಣಿಗೆ ಕಟ್ಟಿತು.

ಟೀಚರಮ್ಮ ಓಡಿಬಂದು ಬಗ್ಗಿ ಅವನ ಕಾಲು ನೋಡಿದರು. ಎಲ್ಲ ಲೆಕ್ಕವನ್ನೂ ಸರಿ ಮಾಡಿ ಕೊನೆಯದರಲ್ಲಿ ಎಡವಿದ ಹುಡುಗನನ್ನು ನೋಡುವ ಕಳಕಳಿ ಅವರ ಮುಖದಲ್ಲಿತ್ತು.

"ಆ ಕಾಲಲ್ಲ ಕಣಪ್ಪ," ಎಂದು ಎಲ್ಲರಿಗೂ ಕೇಳುವ ಹಾಗೆ ತಿದ್ದಿದರು, "ನಿಂದು ಬಲಗಾಲು."